ನಮ್ಮ ಮಾತಿನಾಗ ಹೇಳ್ರಿ, ಆಮ್ಯಾಲ ಓಟು ಕೇಳ್ರಿ

ಚುನಾವಣೆ ಬಂತೆಂದರೆ ನಮ್ಮ ಬಂಡ್ರಿ ಕಡೆ ಮೊದಲು ಗೊತ್ತಾಗುವುದು ಎಮ್ಮೆಗಳಿಗೆ. ಮೈಕು ಕಟ್ಟಿದ ಜೀಪು ಊರೊಳಗೆ ನುಗ್ಗಿದ್ದೇ ತಡ, ಅವು ಹಗ್ಗ ಕಿತ್ತುಕೊಂಡು ಓಡುತ್ತವೆ. ಆಮೇಲೆ ಹುಡುಗರು ಓಡುತ್ತಾರೆ, ಪಕ್ಷದ ಚೀಟಿ ಆರಿಸಿಕೊಳ್ಳಲು. ಕಡೆಗೆ ನಾವು ಹೆಂಗಸರು ಬಾಗಿಲಿಗೆ ಬಂದು, ಏನು ಹೇಳಿದರೇ ಅವರು ಎಂದು ಒಬ್ಬರನ್ನೊಬ್ಬರು ಕೇಳುತ್ತೇವೆ. ಕನ್ನಡ ಬಲ್ಲ ನಮ್ಮ ಪಾಡೇ ಹೀಗೆ. ಇನ್ನು ಕನ್ನಡ ಬಾರದವರ ಪಾಡೇನು? ಅದನ್ನು ಕೇಳುವವರೇ ಇಲ್ಲ.

ನಾನು ಸುನಿತಾ. ಬಂಡ್ರಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದೇನೆ. ನಾನು ಹೇಳುತ್ತಿರುವುದು ಸಂಡೂರಿನ ಗುಡ್ಡಗಳಿಗೆ ಅದಿರಿನ ಹುಚ್ಚು ಹಿಡಿದಿದ್ದ ಕಾಲದ ಮಾತು. ಹಗಲೂ ರಾತ್ರಿ ಲಾರಿಗಳು. ಒಗೆದು ಹಾಕಿದ ಬಿಳಿ ಪಂಚೆ ಒಣಗುವ ಹೊತ್ತಿಗೆ ಕೆಂಪಗಾಗುತ್ತಿತ್ತು. ಊರಿನಿಂದ ಆಚೆ, ಅದಿರು ಲಾರಿಗಳು ಓಡಾಡುವ ರಸ್ತೆಗೆ ಅಂಟಿಕೊಂಡೇ ಕೆಂಪುಗುಡ್ಡದ ತಾಂಡಾ ಇದೆ. ಅಲ್ಲಿರುವವರು ಲಂಬಾಣಿಗಳು. ಗಂಡಸರು ಎಮ್ಮಿಗನೂರಿನ ಕಡೆ ಭತ್ತ ಕೊಯ್ಯಲು ಹೋದರೆ ವಾರಗಟ್ಟಲೆ ಬರುವುದಿಲ್ಲ. ಹೆಂಗಸರು ಪ್ಲಾಟಿನಲ್ಲಿ, ಅಂದರೆ ಅದಿರು ರಾಶಿ ಹಾಕುವ ಬಯಲಿನಲ್ಲಿ, ಕಲ್ಲು ಒಡೆದು ಜರಡಿ ಹಿಡಿಯುತ್ತಾರೆ. ಬಿಡುವಿದ್ದಾಗ ಬಟ್ಟೆಗೆ ಕನ್ನಡಿ ಕೂರಿಸಿ ಕಸೂತಿ ಹಾಕುತ್ತಾರೆ. ಆ ಬಟ್ಟೆಯಲ್ಲಿ ಚೀಲ ಹೊಲಿದು ನಾನು ಹಂಪಿಯ ಅಂಗಡಿಗಳಿಗೆ ಕಳಿಸುತ್ತೇನೆ. ಹೀಗಾಗಿ ತಾಂಡಾಕ್ಕೂ ನನಗೂ ಬಳಕೆ.

ಆ ಹೆಂಗಸರಿಗೆ ಸಂತೆಗೆ ಬೇಕಾದಷ್ಟು ಕನ್ನಡ ಬರುತ್ತದೆ. ಉಪ್ಪು ಎಷ್ಟು, ಬಸ್ಸು ಎಷ್ಟೊತ್ತಿಗೆ, ಡಾಕ್ಟರು ಬಂದಾರಾ, ಇಷ್ಟು. ಅದಕ್ಕಿಂತ ದೊಡ್ಡ ಮಾತು ಬಂದರೆ ಎಲ್ಲರೂ ಓಬಳಪ್ಪನ ಮುಖ ನೋಡುತ್ತಾರೆ. ಓಬಳಪ್ಪ ಪ್ಲಾಟಿನ ಮೇಸ್ತ್ರಿ. ಅವನು ಲಂಬಾಣಿಯಲ್ಲ, ಆದರೆ ಆ ಭಾಷೆ ಚೆನ್ನಾಗಿ ಕಲಿತಿದ್ದ. ಸೂಜಿ ಹಾಕುವ ನರ್ಸಮ್ಮ ಬರಲಿ, ಪೊಲೀಸಿನವನು ಬರಲಿ, ಹೊರಗಿನ ಮಾತೆಲ್ಲ ಓಬಳಪ್ಪನ ಬಾಯಿಂದಲೇ ತಾಂಡಾದೊಳಕ್ಕೆ ಹೋಗಬೇಕು.

ಆ ದಿನ ನಾನು ಕಸೂತಿ ಬಟ್ಟೆ ಇಸಿದುಕೊಳ್ಳಲು ತಾಂಡಾಕ್ಕೆ ಹೋಗಿದ್ದೆ. ಕೊಡೆ ಗುರುತಿನ ಪಕ್ಷದ ಜೀಪು ಬಂತು. ಬಿಳಿ ಅಂಗಿಯ ಮುಖಂಡರೊಬ್ಬರು ಇಳಿದು, ಹೆಂಗಸರನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ ಮಾತು ಶುರು ಮಾಡಿದರು. ಒಳ್ಳೆಯ ಮಾತುಗಾರರೇ. ಶಾಲೆ, ದವಾಖಾನೆ, ನೀರು ಎಂದು ಬಹಳ ಹೊತ್ತು ಹೇಳಿದರು. ಕೊನೆಗೆ ಹೀಗೆಂದರು:

“ನಾವು ಗೆದ್ರ ಈ ಅದಿರು ರಸ್ತಾ ಅಗಲ ಮಾಡ್ತೀವಿ. ರಸ್ತಾ ಬದಿ ಇರೋ ಈ ತಾಂಡಾದವ್ರಿಗೆ ಗುಡ್ಡದ ಹಿಂದ ಬ್ಯಾರೆ ಜಾಗ ತೋರಿಸ್ತೀವಿ.”

ಓಬಳಪ್ಪ ಅದನ್ನು ಲಂಬಾಣಿಯಲ್ಲಿ ಹೇಳಿದ. ಎರಡೇ ಮಾತು. ಹೆಂಗಸರು ಚಪ್ಪಾಳೆ ತಟ್ಟಿದರು. ಅಷ್ಟುದ್ದದ ಭಾಷಣ ಇಷ್ಟು ಗಿಡ್ಡ ಹೇಗಾಯಿತು ಎಂದು ನನಗೆ ಆಶ್ಚರ್ಯ. ಬಟ್ಟೆ ಅಷ್ಟೊಂದು ಮೊಟಕಾದರೆ ಎಲ್ಲೋ ಕತ್ತರಿ ಆಡಿದೆ ಎಂದು ಹೊಲಿಗೆಯವಳಿಗೆ ಯಾರೂ ಹೇಳಿಕೊಡಬೇಕಿಲ್ಲ.

ಆಮೇಲೆ ಓಬಳಪ್ಪ ತಟ್ಟೆಯಲ್ಲಿ ಹುಲಿಗೆಮ್ಮನ ಭಂಡಾರ ತಂದ. ಹುಲಿಗಿಯ ಗುಡಿಯಿಂದ ತಂದ ಅರಿಶಿನ ಅದು. ನಮ್ಮ ಕಡೆ ಅದನ್ನು ಮುಟ್ಟಿ ಸುಳ್ಳು ಹೇಳುವ ಧೈರ್ಯ ಯಾರಿಗೂ ಇಲ್ಲ. ಒಬ್ಬೊಬ್ಬರೇ ಬಂದು ಭಂಡಾರದ ಮೇಲೆ ಕೈಯಿಟ್ಟು, ಮುಖಂಡರು ಹೇಳಿಕೊಟ್ಟ ಕನ್ನಡದ ಮಾತನ್ನು ಗಿಳಿಯಂತೆ ಒಪ್ಪಿಸಿದರು.

“ಕೊಡೆ ಗುರುತಿಗೇ ಓಟು ಹಾಕ್ತೀನಿ. ತಪ್ಪಿದ್ರ ನನ್ನ ಹೊಟ್ಟಿ ಕುಡಿ ಉಳಿಬಾರದು.”

ತಾಂಡಾದ ಹಿರಿಯ ಹೆಂಗಸು ಠಾಕ್ರಿಬಾಯಿಯ ಸೊಸೆ ಶಾಂತಿ ತುಂಬು ಬಸುರಿ. ಇದಕ್ಕೆ ಮೊದಲು ಎರಡು ಸಲ ಬಸಿರು ನಿಂತೂ ಉಳಿದಿರಲಿಲ್ಲ. ಆ ಹುಡುಗಿಯೂ ಎದ್ದು ಬಂದಳು. ಒಂದು ಕೈ ಭಂಡಾರದ ಮೇಲೆ, ಇನ್ನೊಂದು ಕೈ ಹೊಟ್ಟೆಯ ಮೇಲೆ. ನಗುನಗುತ್ತಲೇ ಆ ಮಾತು ಹೇಳಿದಳು. ಇಂಥ ಆಣೆಯನ್ನು ನಗುತ್ತಾ ಹೇಗೆ ಇಡುತ್ತಾಳೆ ಈ ಹುಡುಗಿ ಎಂದುಕೊಂಡೆ.

ಕೆಲವು ದಿನ ಕಳೆದ ಮೇಲೆ ಠಾಕ್ರಿಬಾಯಿ ಅಂಗಡಿಗೆ ಬಂದಳು. ಆಕೆಯ ಗಂಡ ಬದುಕಿದ್ದಾಗ ತಾಂಡಾದ ನಾಯ್ಕನಾಗಿದ್ದವನು. ಆ ಗತ್ತು ಆಕೆಯಲ್ಲಿ ಇನ್ನೂ ಇದೆ, ಯಾರ ಮುಂದೆಯೂ ತಲೆ ತಗ್ಗಿಸುವವಳಲ್ಲ. ಅವತ್ತು ಮಾತ್ರ ಮುಖ ಬಾಡಿತ್ತು.

“ಸುನಿತಕ್ಕ, ಸಂತ್ಯಾಗ ಮಂದಿ ಅಂತಾರ, ತಾಂಡಾ ಕೀಳ್ತಾರಂತ. ಖರೇನಾ?”

“ಅಯ್ಯ, ಅದನ್ನ ಅವತ್ತ ಹೇಳಿದ್ರಲ್ಲ ಬಾಯಿ! ರಸ್ತಾ ಅಗಲ ಮಾಡ್ತೀವಿ, ನಿಮಗ ಗುಡ್ಡದ ಹಿಂದ ಜಾಗ ಕೊಡ್ತೀವಿ ಅಂದ್ರಲ್ಲ. ನೀವು ಚಪ್ಪಾಳಿ ಹೊಡೆದ್ರಿ.”

ಆಕೆ ನನ್ನನ್ನೇ ನೋಡಿದಳು. “ಇಲ್ಲ ಅಕ್ಕ. ಮೇಸ್ತ್ರಿ ಹೇಳಿದ್ದು ಡಾಂಬರ ರೋಡ ಆಗತೈತಿ, ಎಲ್ಲರಿಗೂ ಜಾಗದ ಪಟ್ಟಾ ಸಿಗತೈತಿ ಅಂತ.”

ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಠಾಕ್ರಿಬಾಯಿ ಮೆಲ್ಲಗೆ ಮತ್ತೊಂದು ಮಾತು ಕೇಳಿದಳು.

“ಭಂಡಾರ ಮುಟ್ಟಿ ನಾವು ಏನಂದ್ವಿ?”

“ನಿಮಗ ಗೊತ್ತಿಲ್ಲೇನು?”

“ಹುಲಿಗೆಮ್ಮನ ಪ್ರಸಾದ, ಮನಿಗೆ ಒಳ್ಳೇದಾಗ್ಲಿ ಅನ್ನೋ ಮಾತು ಅಂದ ಮೇಸ್ತ್ರಿ. ಹೌದಲ್ಲ?”

ಹೇಳಲೋ ಬೇಡವೋ ಎನ್ನುತ್ತಾ ಕತ್ತರಿ ಕೆಳಗಿಟ್ಟೆ. ಹೇಳದೆ ಬಿಡುವುದು ಇನ್ನೂ ದೊಡ್ಡ ಅನ್ಯಾಯ ಅನ್ನಿಸಿತು. ಆಕೆಗೆ ತಿಳಿಯುವ ಸಣ್ಣಸಣ್ಣ ಮಾತಿನಲ್ಲಿ ಬಿಡಿಸಿ ಹೇಳಿದೆ. ಹೊಟ್ಟೆಯ ಕುಡಿ ಎಂದು ಹೇಳುವಾಗ ನನ್ನ ಹೊಟ್ಟೆಯನ್ನೇ ಮುಟ್ಟಿ ತೋರಿಸಬೇಕಾಯಿತು. ಠಾಕ್ರಿಬಾಯಿ ಅಂಗಡಿಯ ಮೆಟ್ಟಿಲ ಮೇಲೆ ಕುಸಿದು ಕೂತಳು.

“ಕೊಡೆಗೆ ಹಾಕಿದ್ರ ಮನಿ ಹೋಗತೈತಿ. ಹಾಕದಿದ್ರ ಕೂಸು ಹೋಗತೈತಿ,” ಎಂದಳು ಕಡೆಗೆ. “ನಾವು ಓಟಿಗೇ ಹೋಗಂಗಿಲ್ಲ.”

“ಓಟು ಹಾಕದಿದ್ರೂ ಆಣಿ ತಪ್ಪಿದಂಗ ಅಲ್ಲೇನು?” ಎಂದುಬಿಟ್ಟೆ. ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಆಕೆ ಎದ್ದು ಹೋಗಿಯೇ ಬಿಟ್ಟಳು. ಮರುದಿನ ತಾಂಡಾದಿಂದ ಸುದ್ದಿ ಬಂತು: ಶಾಂತಿಗೆ ವಿಷಯ ತಿಳಿದಿದೆ, ಊಟ ಬಿಟ್ಟಿದ್ದಾಳೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂಸು ಮಿಸುಕುತ್ತಿಲ್ಲ, ಮಿಸುಕುತ್ತಿಲ್ಲ ಎನ್ನುತ್ತಿದ್ದಾಳೆ.

ಸುದ್ದಿ ಕೇಳಿದವಳೇ ಅಂಗಡಿ ಮುಚ್ಚಿದೆ. ಸೀದಾ ಯಶೋಧರಾಳ ಮನೆಗೆ ಹೋದೆ. ಯಶೋಧರಾ ನಮ್ಮ ಊರಿನವಳೇ, ಬಿ.ಎ. ಓದಿದ್ದಾಳೆ, ಸಂಡೂರಿನ ಒಂದು ಸಂಸ್ಥೆಯಲ್ಲಿದ್ದುಕೊಂಡು ಮಹಿಳಾ ಸಂಘಗಳಿಗೆ ತರಬೇತಿ ಕೊಡುತ್ತಾಳೆ. ಅವಳ ತಾಯಿ ಭೀಮವ್ವ ಹಿಂದೆ ಇದೇ ತಾಂಡಾದ ಹೆಂಗಸರ ಜೊತೆ ಕಲ್ಲು ಹೊತ್ತವಳು. ಯಶೋಧರಾ ಆ ಮಕ್ಕಳೊಂದಿಗೇ ಆಡಿ ಬೆಳೆದದ್ದರಿಂದ ಲಂಬಾಣಿ ಅವಳಿಗೆ ನೀರು ಕುಡಿದಷ್ಟು ಸಲೀಸು.

ಎಲ್ಲ ಕೇಳಿ ಅವಳು ಮೊದಲು ಅಂದದ್ದು, “ಅಕ್ಕಾ, ಮೊದಲು ಶಾಂತಿನ ದವಾಖಾನಿಗೆ ಕರಕೊಂಡು ಹೋಗೂಣು. ಓಟಿನ ಮಾತು ಆಮ್ಯಾಲ.”

ಸಂಡೂರಿನ ಡಾಕ್ಟರಮ್ಮ ಶಾಂತಿಯ ಹೊಟ್ಟೆಯ ಮೇಲೆ ಕೊಳವೆಯಿಟ್ಟು ಕೇಳಿದರು. ಕೂಸಿನ ಎದೆಬಡಿತ ಚೆನ್ನಾಗಿದೆ, ತಾಯಿ ಉಣ್ಣದೆ ಸೋತಿದ್ದಾಳೆ ಅಷ್ಟೇ ಎಂದರು. ಯಶೋಧರಾ ಅದನ್ನು ಲಂಬಾಣಿಯಲ್ಲಿ ಹೇಳಿದಾಗ ಶಾಂತಿ ಅತ್ತಳು. ಉಂಡಳು ಕೂಡ. ಆದರೆ ಭಯ ಹೋಗಲಿಲ್ಲ. ಈಗ ಚೆನ್ನಾಗಿದೆ, ಓಟಿನ ದಿನದ ಮೇಲೆ ಹೇಗೋ ಎಂದು ಕೇಳುತ್ತಲೇ ಇದ್ದಳು.

“ಯಾರಿಗೆ ಹಾಕ್ರಿ ಅಂತ ನಾ ಹೇಳಂಗಿಲ್ಲ,” ಎಂದಳು ಯಶೋಧರಾ ದಾರಿಯಲ್ಲಿ. “ಹೇಳಲೂಬಾರದು. ಆದ್ರ ಯಾರು ಏನು ಹೇಳ್ಯಾರ ಅನ್ನೋದನ್ನ ಅವ್ರ ಮಾತಿನಾಗ ಅವ್ರಿಗೆ ಹೇಳಬೌದಲ್ಲ? ಎಲ್ಲಾ ಪಕ್ಷದ ಚೀಟಿ ಕೂಡಿಸ್ಕೊಂಡು ಬಾ. ಒಂದೂ ಬಿಡಬ್ಯಾಡ.”

ಚೀಟಿ ಕೂಡಿಸುವುದು ಸುಲಭ ಎಂದುಕೊಂಡಿದ್ದೆ. ನಾಲ್ಕು ಮಂದಿ ಅಭ್ಯರ್ಥಿಗಳು ತಿಂಗಳಿಡೀ ಊರ ತುಂಬ ಚೀಟಿ ಎರಚಿದ್ದರು. ಹುಡುಕಿದರೆ ಒಂದೂ ಇಲ್ಲ. ಹುಡುಗರು ವಿಮಾನ ಮಾಡಿದ್ದರು, ಹೆಂಗಸರು ಒಲೆಗೆ ಹಾಕಿದ್ದರು. ಕಡೆಗೆ ಬಸ್ ಸ್ಟ್ಯಾಂಡಿನ ಮಿರ್ಚಿ ಅಂಗಡಿಯಲ್ಲಿ ಸಿಕ್ಕವು. ಅಂಗಡಿಯ ಉಚ್ಚೆಂಗೆಪ್ಪ ಕಟ್ಟುಗಟ್ಟಲೆ ಇಟ್ಟುಕೊಂಡಿದ್ದ, ಮಿರ್ಚಿ ಕಟ್ಟಿಕೊಡಲು. “ಯಾವ ಪಕ್ಷದ್ದು ಬೇಕ್ರಿ ಅಕ್ಕಾರ? ಕೊಡೆದು ಎಣ್ಣಿ ಭಾಳ ಹೀರತೈತಿ,” ಎಂದ. ನಾನು ನಾಲ್ಕೂ ಪಕ್ಷದ ಶುಚಿಯಾದ ಹಾಳೆ ಆರಿಸಿಕೊಂಡೆ.

ಭಾನುವಾರ ಬೆಳಿಗ್ಗೆ ತಾಂಡಾಕ್ಕೆ ಹೋದೆವು. ಬೇವಿನ ಮರದ ಕೆಳಗೆ ಹೆಂಗಸರು ಕೂತರು. ಠಾಕ್ರಿಬಾಯಿ ಒಂದು ಪಕ್ಕ, ಬೆನ್ನು ತಿರುಗಿಸಿಯೇ ಕೂತಿದ್ದಳು. ಯಶೋಧರಾ ಲಂಬಾಣಿಯಲ್ಲಿ ಮಾತು ಶುರು ಮಾಡಿದಳು.

ನನಗೆ ಒಂದಕ್ಷರ ತಿಳಿಯಲಿಲ್ಲ. ನಡುವೆ ನನ್ನ ಹೆಸರು ಕೇಳಿಸಿತು. ಎಲ್ಲರೂ ತಿರುಗಿ ನನ್ನನ್ನು ನೋಡಿ ನಕ್ಕರು. ನಾನೂ ನಕ್ಕೆ, ಯಾಕೆಂದು ಗೊತ್ತಿಲ್ಲದೆ. ನನ್ನನ್ನು ಆಡಿಕೊಂಡರೋ ಹೊಗಳಿದರೋ? ಏನಾದರೂ ತಪ್ಪು ಮಾಡಿದ್ದೇನೋ? ಯಶೋಧರಾ ನನ್ನ ಮುಖ ನೋಡಿ, “ಮಿರ್ಚಿ ಅಂಗಡ್ಯಾಗ ಚೀಟಿ ಹುಡುಕಿದ್ದನ್ನ ಹೇಳಿದೆ ಅಕ್ಕಾ,” ಎಂದ ಮೇಲೆ ಉಸಿರು ಬಂತು. ಇಷ್ಟು ಸಣ್ಣ ಮಾತಿಗೇ ನಾನು ಇಷ್ಟು ಗಾಬರಿಯಾದೆ. ಈ ಹೆಂಗಸರು ತಮ್ಮ ಮನೆಯ ಮಾತು, ಕೂಲಿಯ ಮಾತು, ಮಕ್ಕಳ ಮಾತು ಎಲ್ಲವನ್ನೂ ಹೀಗೇ ಇನ್ನೊಬ್ಬರ ಮುಖ ನೋಡುತ್ತಾ ಕೇಳಿಸಿಕೊಂಡು ಬಂದಿದ್ದಾರೆ.

ನಾನು ಚೀಟಿ ಓದುತ್ತಿದ್ದೆ, ಯಶೋಧರಾ ಲಂಬಾಣಿ ಮಾಡುತ್ತಿದ್ದಳು. ನಾಲ್ಕನ್ನೂ ಓದಿದೆವು. ಗಾಳಿಪಟ ಗುರುತಿನವರು ಲಾರಿಗಳಿಗೆ ತಾಂಡಾದ ಆಚೆಯಿಂದ ಬೇರೆ ದಾರಿ ಮಾಡುತ್ತೇವೆ ಎಂದಿದ್ದರು, ಆದರೆ ಶಾಲೆಯ ಮಾತೇ ಇರಲಿಲ್ಲ. ಕೊಡೆಯವರ ಚೀಟಿಯಲ್ಲಿ ಒಳ್ಳೆಯ ಮಾತೂ ಇದ್ದವು. ಬಂಡ್ರಿಗೆ ಹೆರಿಗೆ ದವಾಖಾನೆ ತರುತ್ತೇವೆ ಎಂದಿದ್ದರು. ಅದನ್ನೂ ಯಶೋಧರಾ ಬಿಡದೆ ಹೇಳಿದಳು. ಜೊತೆಗೆ ರಸ್ತೆ ಅಗಲದ ಮಾತು, ಬದಿಯ ಮನೆಗಳಿಗೆ ಬೇರೆ ಜಾಗದ ಮಾತು, ಅದೂ ಅಲ್ಲೇ ಅಚ್ಚಾಗಿತ್ತು.

ತಾಂಡಾದಲ್ಲಿ ಗದ್ದಲವೆದ್ದಿತು. ಯಶೋಧರಾ ನನ್ನ ಕಿವಿಯಲ್ಲಿ ಕನ್ನಡ ಮಾಡಿ ಹೇಳುತ್ತಾ ಹೋದಳು. ಎಲ್ಲರೂ ಮನೆ ಬಿಡುವುದಿಲ್ಲ ಎನ್ನುತ್ತಾರೆ ಎಂದು ನಾನು ತಿಳಿದಿದ್ದೆ. ಹಾಗಾಗಲಿಲ್ಲ. ಒಬ್ಬ ತಾಯಿ ಎದ್ದು, ಧೂಳಿಗೆ ನನ್ನ ಮಗ ಕೆಮ್ಮಿ ಕೆಮ್ಮಿ ಸಾಯುತ್ತಿದ್ದಾನೆ, ಗುಡ್ಡದ ಹಿಂದೆ ನೀರಿದ್ದರೆ ನಾನು ಹೋಗಲು ತಯಾರು ಎಂದಳು. ಇನ್ನೊಬ್ಬಳು, ನೀರಿದೆ ಎಂದು ಚೀಟಿಯಲ್ಲಿ ಬರೆದಿದೆಯಾ ಕೇಳು ಎಂದಳು. ಬರೆದಿರಲಿಲ್ಲ. ಈ ಜಗಳ ನೋಡಿ ನನಗೆ ಖುಷಿಯಾಯಿತು. ಇಷ್ಟು ದಿನ ಇವರಿಗೆ ಜಗಳವಾಡಲೂ ಬೇಕಾದ ಸುದ್ದಿ ಸಿಕ್ಕಿರಲಿಲ್ಲ.

ಆಮೇಲೆ ಶಾಂತಿ ಕೇಳಿದಳು, “ಮಷೀನಿನಾಗ ಕ್ಯಾಮೆರಾ ಐತಂತ. ನಾವು ಯಾವುದು ಒತ್ತೀವಿ ಅಂತ ಮೇಸ್ತ್ರಿಗೆ ಕಾಣತೈತಂತ. ಬೇಕಾದ್ರ ಒಳಗ ಬಂದು ತಾನೇ ಒತ್ತಿಕೊಡ್ತೀನಿ ಅಂದಾನ.”

“ಕ್ಯಾಮೆರಾ ಇಲ್ಲ, ಏನೂ ಇಲ್ಲ,” ಎಂದಳು ಯಶೋಧರಾ. “ತಾಲ್ಲೂಕು ಆಫೀಸಿನಾಗ ಮಷೀನು ಇಟ್ಟು ತೋರಿಸಿದ್ರು, ನಾನೇ ಒತ್ತಿ ನೋಡೀನಿ. ಸುತ್ತ ರಟ್ಟು ಕಟ್ಟಿರ್ತಾರ. ಅದರೊಳಗ ನೀನು, ಮಷೀನು, ಇಬ್ರೇ. ಗುರುತಿನ ಮುಂದಿನ ನೀಲಿ ಗುಂಡಿ ಒತ್ತು. ಕೆಂಪು ದೀಪ ಹತ್ತತೈತಿ, ಪೀಂ ಅಂತ ಸದ್ದಾಗತೈತಿ. ಯಾವುದು ಒತ್ತಿದ್ರೂ ಅದೇ ಸದ್ದು. ಕಣ್ಣು ಕಾಣದವ್ರು, ಕೈಲಾಗದವ್ರು ಬಿಟ್ರ ಯಾರ ಸಂಗಾಟನೂ ಯಾರೂ ಒಳಗ ಬರಂಗಿಲ್ಲ. ಮೇಸ್ತ್ರಿ ಬಂದ್ರ ಅಲ್ಲಿನ ಆಫೀಸರಿಗೆ ಹೇಳು, ಹೊರಗ ಕಳಿಸ್ತಾರ.”

ಆಗ ಠಾಕ್ರಿಬಾಯಿ ಮೊದಲ ಸಲ ಇತ್ತ ತಿರುಗಿದಳು.

“ಮಷೀನು ನೋಡಂಗಿಲ್ಲ. ಹುಲಿಗೆಮ್ಮ ನೋಡ್ತಾಳಲ್ಲ?”

ಯಶೋಧರಾ ಹೇಳಿದಳು, “ದೇವ್ರು ಮುನಿತಾಳ ಅಂತ ಹೆದರಿಸಿ ಓಟು ಕೇಳೋದು ಕಾನೂನಿನಾಗ ಅಪರಾಧ ಐತಿ ಬಾಯಿ. ನೀವು ದೂರು ಕೊಡಬೌದು.”

“ಕಾನೂನು ನಿಮ್ದು,” ಎಂದಳು ಠಾಕ್ರಿಬಾಯಿ. “ಹೊಟ್ಟ್ಯಾಗಿನ ಕೂಸು ನಮ್ದು.”

ಯಶೋಧರಾ ಚೀಟಿಗಳನ್ನು ಕೂಡಿಸಿ ಮಡಚತೊಡಗಿದಳು. ಅವಳ ಬಿ.ಎ., ಅವಳ ತರಬೇತಿ, ನನ್ನ ನಾಲ್ಕು ಚೀಟಿ, ಯಾವುದೂ ಆ ಮಾತಿಗೆ ಉತ್ತರವಾಗಲಿಲ್ಲ. ಶಾಂತಿ ಸೆರಗಿನಿಂದ ಹೊಟ್ಟೆ ಮುಚ್ಚಿಕೊಂಡು ಕೂತಿದ್ದಳು. ಇನ್ನೇನು ಎದ್ದು ಬರಬೇಕು, ಅಷ್ಟರಲ್ಲಿ ಮೋಟಾರು ಸೈಕಲ್ಲಿನ ಸದ್ದು. ಓಬಳಪ್ಪ.

“ಏನ್ ನಡದೈತಿ ಇಲ್ಲಿ?”

“ಎಲ್ಲಾ ಪಕ್ಷದ ಚೀಟಿ ಓದಾಕತ್ತೀವಿ ಮೇಸ್ತ್ರಿ,” ಎಂದಳು ಯಶೋಧರಾ. “ಕೊಡೆದೂ ಓದೀವಿ. ಬರ್ರಿ, ಕುಂದ್ರಿ.”

“ಇವ್ರಿಗೆ ನಾ ಎಲ್ಲಾ ಹೇಳೀನಿ. ಆಣಿನೂ ಆಗೈತಿ. ಮತ್ತ ಓದೋದೇನೈತಿ?” ಎಂದವನು ಶಾಂತಿಯ ಕಡೆ ಒಂದು ಸಲ ನೋಡಿದ. “ಆಣಿ ಮುರಿದವ್ರಿಗೆ ಏನಾಗತೈತಿ ಅವ್ರಿಗೇ ಗೊತ್ತು.”

ಶಾಂತಿ ಬಿಕ್ಕಿದಳು. ಆ ಬಿಕ್ಕಿನ ಸದ್ದಿಗೆ ಠಾಕ್ರಿಬಾಯಿ ಎದ್ದಳು. ಮನೆಯೊಳಗೆ ಹೋಗಿ, ದೇವರ ಜಗುಲಿಯ ಮೇಲಿದ್ದ ಹುಲಿಗೆಮ್ಮನ ಭಂಡಾರದ ಬಟ್ಟಲು ತಂದು ಓಬಳಪ್ಪನ ಮುಂದೆ ಹಿಡಿದಳು. ಲಂಬಾಣಿಯಲ್ಲಿ, ಗಟ್ಟಿಯಾಗಿ ಮಾತಾಡಿದಳು. ಯಶೋಧರಾ ನನಗೆ ಒಂದೊಂದೇ ಮಾತು ಬಿಡಿಸಿ ಹೇಳಿದಳು.

“ಮೇಸ್ತ್ರಿ, ಅವತ್ತು ನಮಗ ಏನಂದಿ? ಪ್ರಸಾದ ಅಂದಿ. ಒಳ್ಳೇದಾಗ್ಲಿ ಅನ್ನೋ ಮಾತು ಅಂದಿ. ಇಲ್ಲ, ನಾ ಪೂರಾ ಅರ್ಥ ಹೇಳಿದ್ದೆ ಅನ್ನೋದಾದ್ರ, ಈ ಭಂಡಾರ ಮುಟ್ಟಿ ಹೇಳು. ನಿನ್ನ ಮಕ್ಕಳ ಹೆಸರು ತಗೋ ಅನ್ನಂಗಿಲ್ಲ. ನಾವು ಕೂಸುಗಳ ಮ್ಯಾಲೆ ಆಣಿ ಇಡೋ ಮಂದಿ ಅಲ್ಲ. ನಿನ್ನ ಹೆಸರು ತಗೊಂಡು ಹೇಳು, ಸಾಕು.”

ಓಬಳಪ್ಪ ಬಟ್ಟಲು ನೋಡಿದ. ಹೆಂಗಸರನ್ನು ನೋಡಿದ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

“ಮುಟ್ಟು.”

“ಅವ್ರು ಹೇಳು ಅಂದದ್ದನ್ನ ಹೇಳೀನಿ,” ಎಂದ ಅವನು, ದನಿ ಇಳಿಸಿ. “ನನಗೂ ಹೊಟ್ಟಿಪಾಡು ಐತಿ.”

“ಮುಟ್ಟು ಮೇಸ್ತ್ರಿ.”

ಅವನು ಮುಟ್ಟಲಿಲ್ಲ. ಒಂದು ಹೆಜ್ಜೆ ಹಿಂದೆ ಸರಿದ.

ಠಾಕ್ರಿಬಾಯಿ ಹೆಂಗಸರ ಕಡೆ ತಿರುಗಿದಳು. ತನ್ನ ಗಂಡ ನ್ಯಾಯಕ್ಕೆ ಕೂರುತ್ತಿದ್ದ ಕಾಲದ ಮಾತು ತೆಗೆದಳು. ಆಣೆ ಇಡಿಸುವ ಮೊದಲು ಅವನು ಲಂಬಾಣಿಯಲ್ಲೇ ಅರ್ಥ ಹೇಳಿ, ತಿಳಿಯಿತಾ ಎಂದು ಕೇಳುತ್ತಿದ್ದ. ತಿಳಿಯಿತು ಎಂದು ಆ ಮನುಷ್ಯ ಬಾಯಿಬಿಟ್ಟು ಹೇಳುವ ತನಕ ದೇವರ ಹೆಸರು ಎತ್ತುತ್ತಿರಲಿಲ್ಲ. ಅದು ತಾಂಡಾದ ಪದ್ಧತಿ.

“ತಿಳೀಲಾರದ ಮಾತಿಗೆ ಆಣಿ ಇಲ್ಲ,” ಎಂದಳು. “ಅವತ್ತು ನಮ್ಮ ಬಾಯಿ ಆಡೈತಿ. ನಾವು ಆಡಿಲ್ಲ. ಇದು ನನಗ ಗೊತ್ತೈತಿ, ಹುಲಿಗೆಮ್ಮಗ ಗೊತ್ತೈತಿ, ಈಗ ಮೇಸ್ತ್ರಿಗೂ ಗೊತ್ತಾತು.”

ಬಟ್ಟಲಿನಿಂದ ಚಿಟಿಕೆ ಭಂಡಾರ ತೆಗೆದು ಸೊಸೆಯ ಹಣೆಗೆ ಹಚ್ಚಿದಳು. ಶಾಂತಿ ಅತ್ತೆಯ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ನನಗೆ ಕಣ್ಣು ತುಂಬಿ ಬಂತು, ಯಶೋಧರಾ ಕೂಡ ಮೂಗು ಒರೆಸಿಕೊಳ್ಳುತ್ತಿದ್ದಳು.

ಓಬಳಪ್ಪ ಹೋಗುವಾಗ ಒಂದು ಮಾತು ಎಸೆದು ಹೋದ: “ನಾಳಿಂದ ಪ್ಲಾಟಿಗೆ ಯಾರೂ ಬರೋದು ಬ್ಯಾಡ.” ಭಯ ಮತ್ತೆ ಬಂತು, ಬೇರೆ ವೇಷದಲ್ಲಿ. ಕೂಲಿಯಿಲ್ಲದೆ ಒಲೆ ಹೇಗೆ ಉರಿಯಬೇಕು? ನಾನು ಇನ್ನಷ್ಟು ಕಸೂತಿ ಕೆಲಸ ಕೊಟ್ಟೆ, ಅದೆಷ್ಟರ ಮಟ್ಟಿಗೆ? ಆದರೆ ಆ ಕಾಲದಲ್ಲಿ ಅದಿರು ಕಾಯುತ್ತಿರಲಿಲ್ಲ. ಲಾರಿಗಳು ಖಾಲಿ ನಿಂತು ಹಾರ್ನು ಹೊಡೆಯತೊಡಗಿದವು. ಕೆಲವೇ ದಿನದಲ್ಲಿ ಓಬಳಪ್ಪನೇ ಬಂದು ಹೆಂಗಸರನ್ನು ಕರೆದ. ಯಾರ ಮುಖವನ್ನೂ ನೋಡದೆ ಕರೆದ.

ಓಟಿನ ದಿನ ಬಂತು. ಗಂಡಸರೂ ಎಮ್ಮಿಗನೂರಿನಿಂದ ವಾಪಸಾಗಿದ್ದರು. ಬಂಡ್ರಿ ಶಾಲೆಯ ಮುಂದೆ ಹೆಂಗಸರ ಸಾಲಿನಲ್ಲಿ ನನ್ನ ಮುಂದೆಯೇ ಠಾಕ್ರಿಬಾಯಿ, ಶಾಂತಿ ನಿಂತಿದ್ದರು. ದೂರದಲ್ಲಿ ಕೊಡೆಯವರ ಮೇಜಿನ ಹತ್ತಿರ ಓಬಳಪ್ಪ ಇದ್ದ. ನಾವು ಬರುವಾಗ ಅವನು, “ಏನ್ ಬಾಯಿ, ನೆನಪೈತಲ್ಲ?” ಎಂದು ಕನ್ನಡದಲ್ಲಿ ಕೇಳಿದ್ದ. ಠಾಕ್ರಿಬಾಯಿ ನಡೆಯುತ್ತಲೇ ಲಂಬಾಣಿಯಲ್ಲಿ ಏನೋ ಹೇಳಿದ್ದಳು. ಅವನ ಮುಖ ಪೆಚ್ಚಾಗಿತ್ತು.

“ಏನಂದ್ರಿ ಬಾಯಿ ಅವಂಗ?” ಎಂದು ಸಾಲಿನಲ್ಲಿ ಕೇಳಿದೆ.

“ನನ್ನ ಮಾತಿನಾಗ ಹೇಳೀನಿ,” ಎಂದಳು ಆಕೆ. “ಅವಂಗ ತಿಳಿದೈತಿ.”

ಶಾಂತಿಯ ಸರದಿ ಬಂದಾಗ ಅವಳ ತುಟಿ ಒಣಗಿತ್ತು. ಬಾಗಿಲಲ್ಲಿ ಒಮ್ಮೆ ಹಿಂತಿರುಗಿ ಅತ್ತೆಯನ್ನು ನೋಡಿದಳು. ಠಾಕ್ರಿಬಾಯಿ ಹೋಗು ಎಂದು ಕೈ ಮಾಡಿದಳು. ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹುಡುಗಿ ರಟ್ಟಿನ ಹಿಂದೆ ಮರೆಯಾದಳು. ಬಹಳ ಹೊತ್ತಾಯಿತು ಅನ್ನಿಸಿತು ನನಗೆ. ಕೊನೆಗೆ ಪೀಂ ಎಂದಿತು. ಹೊರಗೆ ಬಂದಾಗ ಅವಳ ಕೈ ಹೊಟ್ಟೆಯ ಮೇಲೇ ಇತ್ತು, ಆದರೆ ನಡಿಗೆ ಸಲೀಸಾಗಿತ್ತು. ಯಾವ ಗುಂಡಿ ಒತ್ತಿದಳೋ ನನಗೆ ಗೊತ್ತಿಲ್ಲ. ನಾನು ಕೇಳಲಿಲ್ಲ. ಅವಳ ಗಂಡನೂ ಕೇಳಲಿಲ್ಲ. ಅದು ಅವಳದು.

ಯಾರು ಗೆದ್ದರು ಎಂಬುದು ಈ ಕಥೆಗೆ ಬೇಕಾಗಿಲ್ಲ. ಗೆದ್ದವರು ಮಳೆಗಾಲದಲ್ಲಿ ತಾಂಡಾಕ್ಕೆ ಬಂದರು. ಹಾರ ಹಾಕಿಸಿಕೊಂಡು, ಗಂಟಲು ಸರಿಮಾಡಿಕೊಂಡು ಭಾಷಣ ಶುರು ಮಾಡಿದರು. ನಾಲ್ಕು ಮಾತು ಆಗಿತ್ತೋ ಇಲ್ಲವೋ, ಠಾಕ್ರಿಬಾಯಿ ಕೈ ಎತ್ತಿದಳು.

“ಸಾಹೇಬ್ರ, ನಿಲ್ರಿ. ಒಂದು ಮಾತು ಹೇಳ್ರಿ, ನಿಲ್ರಿ. ಯಶೋಧರಾ ನಮ್ಮ ಮಾತಿನಾಗ ಹೇಳ್ತಾಳ. ನಾವು ತಿಳೀತು ಅಂತೀವಿ. ಆಮ್ಯಾಲ ಇನ್ನೊಂದು ಮಾತು ಹೇಳ್ರಿ.”

ಗೆದ್ದವರು ಸುತ್ತ ನೋಡಿದರು. ಯಾರೂ ನಗಲಿಲ್ಲ. ಅವರು ಒಂದು ಮಾತು ಹೇಳಿದರು, ನಿಂತರು. ಯಶೋಧರಾ ಹೇಳಿದಳು. “ತಿಳೀತೇನ್ರೆ?” ಎಂದು ಠಾಕ್ರಿಬಾಯಿ ಕೇಳಿದಳು. ಮುಂದಿನ ಸಾಲಿನಲ್ಲಿ ಶಾಂತಿ ಕೂತಿದ್ದಳು. ಮಡಿಲಲ್ಲಿ ಹೆಣ್ಣು ಕೂಸು, ತಲೆಗೆ ಕನ್ನಡಿ ಕೂರಿಸಿದ ಕುಲಾಯಿ. ಹಾಲು ಕುಡಿಸುತ್ತಲೇ ಅವಳು ತಲೆ ಎತ್ತಿ, “ಇಲ್ಲ, ತಿಳೀಲಿಲ್ಲ,” ಎಂದಳು. “ನಮ್ಮ ಮನಿ ಉಳಿತಾವೋ ಇಲ್ಲೋ, ಅದನ್ನ ಇನ್ನೊಮ್ಮೆ ಹೇಳಾಕ ಹೇಳ್ರಿ.” ಗೆದ್ದವರು ಅದನ್ನು ಇನ್ನೊಮ್ಮೆ ಹೇಳಬೇಕಾಯಿತು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಮಾತು ಲಂಬಾಣಿ ಇರಲಿ, ತೆಲುಗು ಇರಲಿ, ಉರ್ದು ಇರಲಿ, ಓಟು ಕೇಳಲು ಬಂದವರಿಗೆ ಹೇಳಿ: ನಮ್ಮ ಮಾತಿನಲ್ಲಿ ಹೇಳಿರಿ. ಒಬ್ಬನೇ ಮನುಷ್ಯನ ಬಾಯನ್ನು ನಂಬಿ ಕೂರಬೇಡಿ, ಇನ್ನೊಬ್ಬರ ಬಾಯಲ್ಲೂ ಕೇಳಿಸಿಕೊಳ್ಳಿ. ಎಲ್ಲ ಪಕ್ಷದವರ ಮಾತೂ ಕೇಳಿ. ತಿಳಿಯದ ಮಾತಿಗೆ ಹೂಂ ಅನ್ನಬೇಡಿ, ಕೈಯಿಟ್ಟು ಆಣೆ ಇಡಬೇಡಿ. ಹೆದರಿಸಿ ಆಣೆ ಇಡಿಸಿದ್ದರೆ ಚುನಾವಣೆ ಅಧಿಕಾರಿಗಳಿಗೆ ಹೇಳಿ. ನಿಮ್ಮ ಓಟು ಯಾರಿಗೂ ಕಾಣುವುದಿಲ್ಲ.

ಇನ್ನು ನನ್ನ ಹಾಗೆ ಕನ್ನಡ ಬಲ್ಲವರಿಗೆ ಒಂದು ಮಾತು. ನಿಮ್ಮ ಓಣಿಯಲ್ಲಿ, ನಿಮ್ಮ ಪ್ಲಾಟಿನಲ್ಲಿ, ನಿಮ್ಮ ಸಂಘದಲ್ಲಿ ಭಾಷಣ ಮುಗಿದ ಮೇಲೆ ಸುಮ್ಮನೆ ಚಪ್ಪಾಳೆ ತಟ್ಟುತ್ತಾ ಕೂತಿರುವ ಒಬ್ಬಳು ಇದ್ದೇ ಇರುತ್ತಾಳೆ. ಈ ಚುನಾವಣೆಯಲ್ಲಿ ಅವಳ ಪಕ್ಕದಲ್ಲಿ ಹೋಗಿ ಕೂರಿ. ಅವಳು ಯಾರಿಗೆ ಓಟು ಹಾಕುತ್ತಾಳೆಂದು ಕೇಳಬೇಡಿ. ಅವರು ಹೇಳಿದ್ದು ನಿನಗೆ ತಿಳಿಯಿತಾ ತಾಯಿ ಎಂದು ಕೇಳಿ.